ಹೆಣಕ್ಕೆ ರಾಗ ಬಂತು

ತನಗೆ ಬೀಳುವ ಕನಸುಗಳೆಲ್ಲ ಮರಾಠಿಯಲ್ಲಿರುತ್ತವೆ ಎಂದು ಗುರಣ್ಣ ಪುಣೆಯ ಖಡಕಿ ಬಜಾರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಒಬ್ಬರ ಕನಸಿನೊಳಗೆ ಇನ್ನೊಬ್ಬರು ಹೊಕ್ಕು ತಪಾಸಣೆ ಮಾಡುವ ಸೌಲಭ್ಯವನ್ನು ಸರಕಾರ ಇನ್ನೂ ಒದಗಿಸಿಲ್ಲವಾದ್ದರಿಂದ ಆ ಮಾತು ಹಾಗೇ ಚಲಾವಣೆಯಲ್ಲಿತ್ತು. ಗದಗಿನ ಕಡೆಯಿಂದ ಬಂದು, ಗಾಡಿಗಳ ಸೀಟಿಗೆ ರೆಕ್ಸಿನ್ ಹೊಲಿಯುವ ಅಂಗಡಿ ಹಾಕಿಕೊಂಡು, ಪುಣೆಯವರಿಗಿಂತ ಒಂದು ತೂಕ ಹೆಚ್ಚು ಪುಣೆಯವನಾಗಿಬಿಟ್ಟಿದ್ದೇನೆ ಎಂಬುದೇ ಅವನ ಏಕಮಾತ್ರ ಜಂಬ. ಬೇರೆ ಜಂಬ ಪಡಲು ಬೇಕಾದ ಸಾಮಾನು ಅವನ ಹತ್ತಿರ ಇರಲಿಲ್ಲ. ಕನ್ನಡದ ಗಿರಾಕಿಗಳು ಬಂದು "ಸೀಟು ಹರದದ ನೋಡ್ರಿ" ಎಂದರೂ ಅವನು ಸ್ಟೂಲು ತೋರಿಸಿ "ಬಸಾ, ಬಸಾ" ಎನ್ನುತ್ತಿದ್ದ. ಮರಾಠಿಯಲ್ಲಿ ಅದಕ್ಕೆ ಕೂತುಕೊಳ್ಳಿ ಎಂದರ್ಥ. ಇಳಕಲ್ಲಿನಿಂದ ಹೊಸದಾಗಿ ಬಂದಿದ್ದ ಬಸಪ್ಪನೆಂಬ ಗಿರಾಕಿ, ಮೊದಲ ಭೇಟಿಯಲ್ಲೇ ತನ್ನ ಹೆಸರು ಹಿಡಿದು, ಅದೂ ಏಕವಚನದಲ್ಲಿ, ಎರಡೆರಡು ಸಲ ಕರೆದ ಈ ಮನುಷ್ಯನಿಗೆ ಹೆದರಿ ಗಾಡಿ ತಿರುಗಿಸಿಕೊಂಡು ಹೋದದ್ದೂ ಉಂಟು.

ಗುರಣ್ಣನ ಬಗ್ಗೆ ಗುರಣ್ಣನಿಗೇ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಕೆಲಸದಲ್ಲಿ ಮನಸ್ಸು ನೆಟ್ಟಾಗ, ಇಲ್ಲವೇ ಸುಮ್ಮನೆ ಕಣ್ಣು ಮುಚ್ಚಿ ಬಿದ್ದುಕೊಂಡಾಗ, ಅವನ ಗಂಟಲಿನಿಂದ ತಂಬೂರಿ ಮೀಟಿದ ಹಾಗೆ ಗುಂಯ್ ಎಂದು ಒಂದೇ ಸಮನೆ ನಾದ ಹೊರಡುತ್ತಿತ್ತು. ಪಕ್ಕದಲ್ಲಿ ಚಹಾದ ಅಂಗಡಿ ಇಟ್ಟಿದ್ದ, ಅವನ ಬಾಡಿಗೆ ಖೋಲಿಯ ಮಾಲಕಿಯೂ ಆದ ರಂಗೂಬಾಯಿ, "ಗುರೂ, ಮಶೀನ್ ಬಂದ್ ಕರ್ ರೇ" ಎಂದು ಕೂಗುವಳು. "ಬಂದಚ್ ಆಹೆ", ಬಂದೇ ಇದೆ, ಎಂದು ಇವನು ಉತ್ತರ ಕೊಡುವನು. ಇಬ್ಬರೂ ಮೋಟರಿನ ಮೇಲೆ ಗುಮಾನಿಪಟ್ಟು ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಮೋಟರು ಬಿಚ್ಚಿ, ಎಣ್ಣೆ ಬಿಟ್ಟು, ಬೇರಿಂಗು ಬದಲಿಸಿ ಹೋದ. ನಾದ ನಿಲ್ಲಲಿಲ್ಲ.

ಇಂಥ ಗುರಣ್ಣ ಹೆಣವಾದ ಬಗೆ ಹೀಗೆ.

ಖಡಕಿಯ ಕನ್ನಡ ಸ್ನೇಹ ಮಂಡಳದ ಕಾರ್ಯದರ್ಶಿ ಈರಣ್ಣನವರು ನಿವೃತ್ತ ಹೆಡ್ ಕ್ಲಾರ್ಕು. ನಿವೃತ್ತರಾದದ್ದು ಕಚೇರಿಯಿಂದ ಮಾತ್ರ. ಕ್ಲಾರ್ಕುತನ ಅವರನ್ನು ಬಿಟ್ಟಿರಲಿಲ್ಲ. ಆ ವರ್ಷ ತಮ್ಮ ಅಜ್ಜನ ಕಾಲದ 'ವಿಷವೀಳ್ಯ' ಎಂಬ ದುಃಖಾಂತ ಸಂಗೀತ ನಾಟಕವನ್ನು ಅವರು ಕೈಗೆತ್ತಿಕೊಂಡರು. ಕಥೆ ಸರಳ. ಸೇನಾಪತಿ ಜಯಸಿಂಹ, ಅವನ ಗೆಳೆಯ ಭದ್ರಸೇನ, ಇಬ್ಬರ ಮನಸ್ಸೂ ರಾಜಕುಮಾರಿ ಚಂಪಕಮಾಲೆಯ ಮೇಲೆ. ಜಯಸಿಂಹ ಅದನ್ನು ಪ್ರತಿ ಅಂಕದಲ್ಲೂ ಗಂಟಲು ಹರಿದುಕೊಂಡು ಹೇಳುತ್ತಾನೆ. ಭದ್ರಸೇನ ಒಂದು ಸಲವೂ ಹೇಳುವುದಿಲ್ಲ. ಯಾರದೋ ಚಾಡಿ ಕೇಳಿ ಜಯಸಿಂಹನಿಗೆ ಹೊಟ್ಟೆಕಿಚ್ಚು ಹತ್ತುತ್ತದೆ, ಗೆಳೆಯನಿಗೆ ವಿಷ ಸವರಿದ ವೀಳ್ಯ ಕೊಡುತ್ತಾನೆ. ಗೊತ್ತಿದ್ದೂ ಭದ್ರಸೇನ ಅದನ್ನು ಜಗಿದು ಸಾಯುತ್ತಾನೆ. ಕೊನೆಗೆ ರಾಜಕುಮಾರಿ ಹೆಣದ ಪಕ್ಕ ಕೂತು, ಬದುಕಿದ್ದಾಗ ಒಂದು ಮಾತು ಹೇಳಬಾರದಿತ್ತೇ ಎಂದು ಬಹಳ ಹೊತ್ತು ಹಾಡುತ್ತಾಳೆ. ಪರದೆ.

ಜಯಸಿಂಹನಾಗಲು ಮಂಡಳದ ಅರ್ಧ ಗಂಡಸರು ತಯಾರಿದ್ದರು. ಭದ್ರಸೇನನಾಗಲು ಒಬ್ಬರೂ ಇಲ್ಲ. ಮಾತು ಕಡಿಮೆ, ಮೇಲಾಗಿ ಅಷ್ಟು ಹೊತ್ತು ಹಲಗೆಯ ಮೇಲೆ ಅಲುಗಾಡದೆ ಬಿದ್ದಿರಬೇಕು. ಒಬ್ಬರಿಗೆ ಸೊಂಟದ ಡಿಸ್ಕು, ಇನ್ನೊಬ್ಬರಿಗೆ ಧೂಳಿನ ಅಲರ್ಜಿ, ಮೂರನೆಯವರ ಹೆಂಡತಿಗೆ ಗಂಡ ಸತ್ತದ್ದನ್ನು ಸಾರ್ವಜನಿಕವಾಗಿ ನೋಡುವುದು ಇಷ್ಟವಿಲ್ಲ. ಆ ಹೊತ್ತಿಗೆ ಪರದೆಯ ಅಳತೆ ತೆಗೆದುಕೊಳ್ಳಲು ಬಂದಿದ್ದ ಗುರಣ್ಣ ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದ. ಈರಣ್ಣನವರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

"ಸುಮ್ನ ಬಿದ್ದಿರಲಿಕ್ಕೆ ಬರ್ತದೇನೋ ನಿನಗ?"

"ಬರ್ತದ್ರಿ. ಆದ್ರ ಅಂಗಡಿ ಬಿಟ್ಟು ದಿನಾ ಬರಲಿಕ್ಕೆ ಆಗೂದಿಲ್ರಿ."

ಅಷ್ಟರಲ್ಲಿ ಚಂಪಕಮಾಲೆ ಒಳಗೆ ಬಂದಳು. ಗುರಣ್ಣನ ಕೈಯಲ್ಲಿದ್ದ ಟೇಪು ಸರ್ರನೆ ಸುತ್ತಿಕೊಂಡು ಡಬ್ಬಿಯೊಳಗೆ ಸೇರಿತು.

"ಬರ್ತೀನ್ರಿ," ಎಂದ. "ದಿನಾ ಬರ್ತೀನಿ."

ಚಂಪಕಮಾಲೆ ಎಂದರೆ ನೀರಜಾ. ಬೆಳಗಾವಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಪುಣೆ. ಖರಾಡಿಯ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಹಿಂದೊಮ್ಮೆ ಅವಳ ಸ್ಕೂಟರಿನ ಸೀಟನ್ನು ಬೆಕ್ಕು ಪರಚಿ ಹಾಕಿದ್ದಾಗ ಗುರಣ್ಣ ಹೊಸ ರೆಕ್ಸಿನ್ ಹಾಕಿ ಅಂಚಿಗೆಲ್ಲ ಜೋಡು ಹೊಲಿಗೆ ಹಾಕಿದ್ದ. ಮಿಕ್ಕವರಿಗೆ ಒಂಟಿ ಹೊಲಿಗೆ. ಆವತ್ತಿನಿಂದ ರಸ್ತೆಯಲ್ಲಿ ಆ ಸ್ಕೂಟರ್ ಕಂಡರೆ ಅವನು ಮೊದಲು ಹೊಲಿಗೆ ನೋಡುತ್ತಿದ್ದ, ಆಮೇಲೆ ಅವಳನ್ನು ನೋಡುತ್ತಿದ್ದ. ಅಷ್ಟರಲ್ಲಿ ಸ್ಕೂಟರ್ ತಿರುವು ದಾಟಿರುತ್ತಿತ್ತು. ಅವನ ಪ್ರೇಮದ ಇತಿಹಾಸ ಇಷ್ಟೇ. ಭದ್ರಸೇನನ ಪಾತ್ರಕ್ಕೆ ಇದಕ್ಕಿಂತ ಹೆಚ್ಚಿನ ತಾಲೀಮು ಯಾರಿಗೂ ಇರಲಿಲ್ಲ.

ಜಯಸಿಂಹನಾಗಿ ಬಂದವನು ವಾಕಡದಲ್ಲಿ ಮನೆ ಮಾಡಿದ್ದ ಪ್ರಣವ. ಬೆಂಗಳೂರಿನವನು, ಎತ್ತರದವನು, ಹಲ್ಲು ಚೆನ್ನಾಗಿದ್ದವು. "ಸರ್, ಆಕ್ಚುಯಲಿ ಈ ಸೀನಲ್ಲಿ ನನ್ನ ಕ್ಯಾರೆಕ್ಟರ್ ತುಂಬಾ ಇನ್‌ಸೆಕ್ಯೂರ್ ಆಗಿರ್ತಾನೆ ಅಲ್ವಾ?" ಎಂದು ಅವನು ಕೇಳಿದಾಗಲೆಲ್ಲ ಈರಣ್ಣನವರು ಅರ್ಥವಾದವರಂತೆ ತಲೆಯಾಡಿಸಿ, "ಹೌದ್ರಿ, ಅದಕ್ಕ ಕತ್ತಿ ಬಿಗಿಯಾಗಿ ಹಿಡಕೋರಿ" ಎನ್ನುತ್ತಿದ್ದರು. ರೆಕ್ಸಿನ್ ಅಂಗಡಿಯವನು ಕೈಗೆ ಸಿಕ್ಕಿದ್ದಾನೆಂದು ಸೇನಾಪತಿಯ ಕವಚ ಹೊಲಿಯುವ ಕೆಲಸವೂ ಗುರಣ್ಣನ ತಲೆಗೇ ಬಂತು. ಪ್ರಣವ ನೀರಜಾಳ ಜೊತೆ ನಗುತ್ತ ನಿಂತಿದ್ದಾಗ ಅಳತೆ ತೆಗೆದದ್ದರಿಂದ ಕವಚ ಕಂಕುಳಲ್ಲಿ ಬಹಳ ಬಿಗಿಯಾಯಿತು. ಇದು ಹೊಟ್ಟೆಕಿಚ್ಚಿನಿಂದ ಆದದ್ದಲ್ಲ, ರೆಕ್ಸಿನ್ ಗಿಡ್ಡ ಬಿದ್ದಿತ್ತು ಎಂದು ಗುರಣ್ಣ ತನಗೆ ತಾನೇ ಹೇಳಿಕೊಂಡ. ಅಂಗಡಿಯಲ್ಲಿ ಇಡೀ ಒಂದು ರೋಲು ಉಳಿದಿತ್ತು.

ಹೆಣದ ತಲೆ ಎಲ್ಲಿರಬೇಕು ಎಂಬ ಪ್ರಶ್ನೆ ಮಂಡಳವನ್ನು ಎರಡು ದಿನ ಅಲ್ಲಾಡಿಸಿತು. ಹಳೆಯ ಹಸ್ತಪ್ರತಿಯಲ್ಲಿ ರಾಜಕುಮಾರಿಯ ತೊಡೆಯ ಮೇಲೆ ಎಂದಿತ್ತು. ನೀರಜಾಳ ಅಜ್ಜಿ ತಿಪ್ಪವ್ವ ತಾಲೀಮಿಗೆ ತಪ್ಪದೆ ಬಂದು ಮುಂದಿನ ಕುರ್ಚಿಯಲ್ಲಿ ಕೂಡುವವಳು, "ಸತ್ತಾವ್ಗ ತೊಡಿ ಯಾತಕ್ಕ?" ಎಂದಳು. ಮಂಡಳದ ವಿದ್ಯಾವಂತರು ಹಸ್ತಪ್ರತಿಯ ಆ ಪುಟವನ್ನೇ ಮತ್ತೆ ಮತ್ತೆ ತಿರುವಿ ನೋಡಿದರು. ಕಡೆಗೆ ಗುರಣ್ಣ ಒಂದು ಮೆತ್ತನೆಯ ರೆಕ್ಸಿನ್ ದಿಂಬು ಹೊಲಿದು ತಂದ. ಅದು ಅವಳ ಮೊಣಕಾಲಿಗೂ ಅವನ ತಲೆಗೂ ನಡುವೆ ಗಡಿಯಾಗಿ ಕೂತಿತು.

ಆ ದಿಂಬಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಾಗ ಅವನಿಗೆ ಲೋಕದಲ್ಲಿ ಬೇರೇನೂ ಬೇಕೆನಿಸುತ್ತಿರಲಿಲ್ಲ. ನೀರಜಾ ಹಾಡುತ್ತಿದ್ದಳು, ಅವನು ಸತ್ತಿರುತ್ತಿದ್ದ.

ಒಂದು ಸಂಜೆ ತಾಲೀಮು ಶುರುವಾಗುವ ಮೊದಲು ಗುರಣ್ಣ ಪರದೆಯ ಹಿಂದೆ ಕೂತು, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಹರಿದ ಅಂಚು ಹೊಲಿಯುತ್ತಿದ್ದ. ಪರದೆಯ ಆಚೆ ನೀರಜಾ, ದಾಸಿಯ ಪಾತ್ರದ ಸುರಭಿಯ ಜೊತೆ ಮಾತಾಡುತ್ತಿದ್ದಳು.

"ನಿನಗ ಹೇಳ್ತೀನಿ ಸುರಭಿ, ಯಾರ ಮುಂದೂ ಅನಬ್ಯಾಡ. ಗುರಣ್ಣ ಸಮೀಪ ಬಂದ್ರ ಸಾಕು, ನನಗ ರಾಗ ಬರ್ತದ. ಅವರು ಎದ್ದು ಹ್ವಾದ್ರ ಹೋಗಿಬಿಡ್ತದ."

"ಪ್ರಣವ ಬಂದ್ರ?"

"ಅವರು ಬಂದ್ರ ಏನೂ ಬರೂದಿಲ್ಲ."

ಇದೇ ಮಾತನ್ನು ಗದಗಿನಿಂದ ನಿನ್ನೆ ಬಂದಿಳಿದ ಯಾವ ಗುರಣ್ಣ ಕೇಳಿದ್ದರೂ ಹಾಡಿನ ರಾಗವೆಂದುಕೊಂಡು ಹಿಗ್ಗಿ ಹೀರೇಕಾಯಿಯಾಗುತ್ತಿದ್ದ. ಆದರೆ ನಮ್ಮ ಗುರಣ್ಣ ಮರಾಠಿಯಲ್ಲಿ ಕನಸು ಕಾಣುವವನು. ಮರಾಠಿಯಲ್ಲಿ ರಾಗ ಎಂದರೆ ಸಿಟ್ಟು. ಪುಣೆಯಲ್ಲಿ ಹುಟ್ಟಿದ ಹುಡುಗಿ ಮತ್ತೆ ಯಾವ ಅರ್ಥದಲ್ಲಿ ಹೇಳಿಯಾಳು? ಸಮೀಪ ಬಂದರೆ ಸಿಟ್ಟು ಬರುತ್ತದೆ, ಎದ್ದು ಹೋದರೆ ಇಳಿಯುತ್ತದೆ, ಪ್ರಣವನ ಮೇಲೆ ಮಾತ್ರ ಏನೂ ಬರುವುದಿಲ್ಲ. ಬಾಯಲ್ಲಿದ್ದ ಪಿನ್ನು ಅವನ ತುಟಿಗೆ ಚುಚ್ಚಿತು. ಅವನಿಗೆ ಗೊತ್ತಾಗಲಿಲ್ಲ.

ಆ ದಿನ ತಲೆನೋವೆಂದು ಹೇಳಿ ದಿಂಬನ್ನಷ್ಟೇ ರಂಗದ ಮೇಲಿಟ್ಟು ಹೊರಟುಹೋದ. ನೇರ ಹೋಗಿ ರಂಗೂಬಾಯಿಯ ಬೆಂಚಿನ ಮೇಲೆ ಕುಸಿದ.

"ತಿಲಾ ಮಾಝಾ ರಾಗ ಯೇತೋ, ಮೌಶಿ," ಎಂದ. ಅವಳಿಗೆ ನನ್ನ ಕಂಡರೆ ಸಿಟ್ಟು ಬರುತ್ತದೆ ಎಂದು ತಾನೇ ಭಾಷಾಂತರ ಮಾಡಿ, ಮೊಹರು ಹಾಕಿ ಕೊಟ್ಟುಬಿಟ್ಟ. ರಂಗೂಬಾಯಿ ಸ್ಟೋವು ಸಣ್ಣಗೆ ಮಾಡಿ ಅವನನ್ನು ಗಿರಾಕಿ ತಂದ ಹಳೆಯ ಸೀಟಿನಂತೆ ಪರೀಕ್ಷಿಸಿದಳು. ಸಿಟ್ಟಿಗೆ ಕಾರಣವಾಗಬಲ್ಲ ಭಾಗಗಳು ಅವನಲ್ಲಿ ಸಾಕಷ್ಟು ಕಂಡವು. ಗೋಂದಿನ ವಾಸನೆ ಹೋಗಲೆಂದು ಮೊದಲು ಉಟಣೆಯ ಪರಿಮಳದ ಪುಡಿ ಹಚ್ಚಿ ಸ್ನಾನ ಮಾಡಿಸಿದಳು. ಅಂಗಿ ಬದಲಾಯಿತು. ಮರುದಿನ ತಾನೇ ಕರೆದುಕೊಂಡು ಹೋಗಿ ನಾವಿಯ ಕುರ್ಚಿಯ ಮೇಲೆ ಕೂಡಿಸಿ, "ಮಿಶಿ ಕಾಢ್" ಎಂದಳು. ಹದಿನಾರನೆಯ ವಯಸ್ಸಿನಿಂದ ಜೊತೆಗಿದ್ದ ಮೀಸೆ ಹೋಯಿತು. ಕನ್ನಡಿಯಲ್ಲಿ ಕಂಡ ಮನುಷ್ಯನನ್ನು ನೋಡಿ ಗುರಣ್ಣನಿಗೇ ಸ್ವಲ್ಪ ಸಿಟ್ಟು ಬಂತು.

ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿದ್ದ ರಂಗೂಬಾಯಿ, ಚಹಾಕ್ಕೆ ಬಂದ ತಿಪ್ಪವ್ವನಿಗೆ ಮಾತ್ರ ಹೇಳಿದಳು. ಪುಡಿಕೆ ಬಿಚ್ಚಿದ ಹಾಗೆ ಮರಾಠಿಯಲ್ಲಿ ಎಲ್ಲವನ್ನೂ ಬಿಚ್ಚಿದಳು. ತಿಪ್ಪವ್ವ ಕಪ್ಪು ಕೆಳಗಿಟ್ಟು, ಕೊಡೆ ತೆಗೆದುಕೊಂಡು, ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿದಳು.

"ಏನ್ ಮಾಡೀಯೋ ನಮ್ಮ ಹುಡುಗಿಗೆ?"

"ಏನೂ ಮಾಡಿಲ್ಲಬೇ ಅವ್ವಾ."

"ಏನೂ ಮಾಡದ ಯಾರಿಗೂ ಸಿಟ್ಟು ಬರೂದಿಲ್ಲ. ನನ್ನ ಗಂಡನ ಮ್ಯಾಲೆ ನನಗ ಜನ್ಮಪೂರ್ತಿ ಸಿಟ್ಟಿತ್ತು, ಅಂವಾ ಏನೇನು ಮಾಡಿದ್ದಾ ಅಂತ ಕೇಳಬೇಕಾರ ನೀನು ಎರಡು ದಿನಾ ಕೂಡಬೇಕು." ಕೊಡೆಯ ತುದಿ ಅವನ ಮೂಗಿನ ಹತ್ತಿರ ಬಂತು. "ಮೀಸಿ ಯಾಕ ಇಲ್ಲ? ಏನೋ ಮಾಡೇ ಮೀಸಿ ಮರಸೀ ನೀನು."

ಈರಣ್ಣನವರಿಗೆ ಸುದ್ದಿ ಮುಟ್ಟಿದಾಗ ಅದು ಕಚೇರಿಯ ರೂಪ ತಾಳಿತು. ಮಂಡಳದ ವಾಟ್ಸಾಪ್ ಗುಂಪಿನಿಂದ ನೀರಜಾಳನ್ನಷ್ಟೇ ಬಿಟ್ಟು ಇನ್ನೊಂದು ಗುಂಪು ಹುಟ್ಟಿತು. 'ರಾಗಶಮನ ಉಪಸಮಿತಿ' ಎಂದು ಅದಕ್ಕೆ ಹೆಸರು. ಸಂಬಂಧಪಟ್ಟ ಮಹಿಳೆಯ ಮುಂದೆ ಸದರಿ ವಿಷಯವನ್ನು ಎತ್ತಕೂಡದು, ಎತ್ತಿದರೆ ಸದರಿ ಸಿಟ್ಟು ವೃದ್ಧಿಸುವ ಸಂಭವವಿದೆ, ಹೆಣವು ಸಾಯುವ ಸಮಯಕ್ಕೆ ಮಾತ್ರ ಸಭಾಗೃಹಕ್ಕೆ ಬರತಕ್ಕದ್ದು ಎಂದು ಠರಾವಾಯಿತು. ಅಲ್ಲಿದ್ದವರೆಲ್ಲ ಪದವಿ ಪಡೆದವರು. ಹೋಗಿ ಆ ಹುಡುಗಿಯನ್ನೇ ಒಂದು ಮಾತು ಕೇಳೋಣ ಎಂಬ ಯೋಚನೆ ಅಷ್ಟು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಆಮೇಲಿನ ತಾಲೀಮುಗಳಲ್ಲಿ ಗುರಣ್ಣ ಸಾಯುವ ತನಕ ಹೊರಗಿನ ಕಟ್ಟೆಯ ಮೇಲೆ ಕೂತು, ಸತ್ತ ಕೂಡಲೇ ದಿಂಬು ಬಿಟ್ಟು ಹೊರಗೆ ಓಡುತ್ತಿದ್ದ. ನೀರಜಾ ದಿಂಬಿನ ಮುಂದೆ ಕೂತು ಹಾಡಬೇಕಾಯಿತು. ಹಾರ್ಮೋನಿಯಮ್ಮಿನ ಶಿವಪ್ಪ ಮಾಸ್ತರರಿಗೆ ವಯಸ್ಸಾಗಿ ಕಿವಿ ಮಂದ. ಬೆರಳು ಬಿದ್ದ ಮನೆಯೇ ಅವರ ಷಡ್ಜ. ಅದನ್ನು ಹಿಡಿಯಲು ಹೋಗಿ ಅವಳ ಹಾಡು ಎತ್ತೆತ್ತಲೋ ಜಾರುತ್ತಿತ್ತು.

"ಗುರಣ್ಣಾರು ಎಲ್ಲ್ಯದಾರ್ರಿ? ಅವರ್ನ ಕರೀರಿ," ಎಂದಳು.

"ಬ್ಯಾಡವಾ, ನೀ ಸಿಟ್ಟಾಗಬ್ಯಾಡ," ಎಂದರು ಈರಣ್ಣನವರು ಮೆಲ್ಲಗೆ.

"ನನಗ್ಯಾಕ ಸಿಟ್ಟು ಬರ್ತದ?"

"ಇಲ್ಲ ಇಲ್ಲ. ನಿನಗ ಸಿಟ್ಟು ಇಲ್ಲ."

"ನನಗ ಸಿಟ್ಟು ಇಲ್ರಿ ಅಂದ್ನೆಲ್ಲ," ಎಂದು ಅವಳು ಕೈಯಲ್ಲಿದ್ದ ಪುಸ್ತಕ ಮೇಜಿಗೆ ಬಡಿದಳು. ಉಪಸಮಿತಿಯ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಟ್ಟೆಯ ಮೇಲೆ ಕೂತ ಗುರಣ್ಣನಿಗೂ ಪುಸ್ತಕದ ಸದ್ದು ಕೇಳಿಸಿತು. ನಾಟಕ ಒಂದು ಮುಗಿಯಲಿ, ಮತ್ತೆ ಅವಳ ಕಣ್ಣಿಗೆ ಬೀಳುವುದಿಲ್ಲ, ಅಂಗಡಿಯನ್ನು ಬೇರೆ ಪೇಟೆಗೆ ಒಯ್ಯುತ್ತೇನೆ ಎಂದು ಅವನು ನಿಶ್ಚಯಿಸಿದ್ದು ಆಗ. ಆ ಒಂದು ದಿನವಾದರೂ ಕುಂದಿಲ್ಲದ ಹೆಣವಾಗಿ ಬಿದ್ದಿರಬೇಕು. ಉಸಿರು ಕೂಡ ಅವಳಿಗೆ ತಾಗಬಾರದು.

ನಾಟಕ ಒಂದು ಭಾನುವಾರದ ಮಧ್ಯಾಹ್ನ. ಸಭಾಗೃಹ ತುಂಬಿತ್ತು. ಗುರಣ್ಣನ ಮೇಲ್ದುಟಿಯ ಮೇಲೆ ಕಾಡಿಗೆಯಿಂದ ಮೀಸೆ ಬರೆಯಲಾಗಿತ್ತು. ಮೂರು ಅಂಕ ಚೆನ್ನಾಗಿಯೇ ನಡೆದವು. ವೀಳ್ಯದ ದೃಶ್ಯ ಬಂತು. ಪ್ರಣವ ತಟ್ಟೆಯಿಂದ ವೀಳ್ಯ ತೆಗೆದು ಕೈ ಚಾಚಿದ. ಚಾಚಿದ ಎಂದರೆ ಚಾಚಲು ನೋಡಿದ. ಕವಚ ಕಂಕುಳಲ್ಲಿ ಹಿಡಿದು, ಕೈ ಮೊಣಕೈಯಿಂದ ಮುಂದೆ ಬರಲೊಲ್ಲದು. "ಬಾ ಗೆಳೆಯಾ, ಸ್ವೀಕರಿಸು," ಎಂದು ಎರಡು ಸಲ ಹೇಳಿ, ಮೂರನೆಯ ಸಲ ಹಲ್ಲು ಕಚ್ಚಿ, "ಗುರು, ನೀವೇ ಸ್ವಲ್ಪ ಹತ್ರ ಬನ್ನಿ, ಪ್ಲೀಸ್," ಎಂದ. ತಾನು ಬಿಗಿದ ಹೊಲಿಗೆಯಿಂದಾಗಿ ತನ್ನ ವಿಷವನ್ನು ತಾನೇ ನಡೆದು ಹೋಗಿ ಇಸಿದುಕೊಳ್ಳಬೇಕಾಯಿತು ಗುರಣ್ಣನಿಗೆ.

"ಗೆಳೆಯಾ," ಎಂದ ಅವನು, "ಆಕೆಯ ಸಂತೋಷಕ್ಕೆ ನಾನಿಲ್ಲದಿರುವುದೇ ಬೇಕಾದರೆ, ಈ ವಿಷ ನನಗೆ ವೀಳ್ಯವೇ ಸರಿ."

ತಾಲೀಮಿನಲ್ಲಿ ದಿನಾ ತೊದಲುತ್ತಿದ್ದ ಈ ಮಾತು ಆವತ್ತು ಎಷ್ಟು ನಿಜವಾಗಿ ಬಂತೆಂದರೆ, ಕನ್ನಡ ಬಾರದ ರಂಗೂಬಾಯಿ ಮುಂದಿನ ಸಾಲಿನಲ್ಲಿ ಎದ್ದು ನಿಂತು, "ಖಾಊ ನಕೋ ರೇ ಗುರೂ," ಎಂದಳು. ತಿನ್ನಬೇಡವೆಂದು ಹೇಳಿದರೂ ಗುರಣ್ಣ ತಿಂದ, ಬಿದ್ದ, ಸತ್ತ.

ನೀರಜಾ ಬಂದಳು. ಕೂತಳು. ದಿಂಬಿನ ಮೇಲೆ ತಲೆ ಇತ್ತು, ತುಟಿ ಬಿಗಿಯಾಗಿ ಮುಚ್ಚಿತ್ತು. ಶಿವಪ್ಪ ಮಾಸ್ತರರು ಒಂದು ಸ್ವರ ಒತ್ತಿದರು. ಅದು ಬೇರೆ ಯಾವುದೋ ನಾಟಕದ್ದು. ನೀರಜಾ ಬಾಯಿ ತೆರೆದಳು, ಮುಚ್ಚಿದಳು. ಮಾಸ್ತರರು ಇನ್ನೊಂದು ಒತ್ತಿದರು. ಸಭೆಯಲ್ಲಿ ಯಾರೋ ಕೆಮ್ಮಿದರು. ಅವಳು ಅಳುವವಳಂತೆ ಸೆರಗು ಮುಖಕ್ಕೆ ಒತ್ತಿ ಹೆಣದ ಕಿವಿಯ ಹತ್ತಿರ ಬಾಗಿದಳು.

"ಗುರಣ್ಣಾರ, ರಾಗ ಕೊಡ್ರಿ."

ಹೆಣ ತುಟಿಯನ್ನು ಇನ್ನಷ್ಟು ಬಿಗಿದುಕೊಂಡಿತು.

"ಕೊಡ್ರೆಲ್ಲ. ನನಗ ಬರವಲ್ದು."

"ನನ್ನ ನೋಡಿದ್ರ ತಾನಾ ಬರ್ತದಲ್ರಿ ನಿಮಗ," ಎಂದಿತು ಹೆಣ, ತುಟಿ ಅಲುಗಿಸದೆ.

"ನೋಡಿದ್ರ ಅಲ್ಲ. ನೀವು ಗುಂಯ್ ಅಂದ್ರ."

"ಯಾರ್ರೀ ಗುಂಯ್ ಅಂತಾರ?"

"ನೀವಽ. ಇಷ್ಟ್ ದಿನಾ ಹೆಣಾ ಆಗಿ ಬಿದ್ದಾಗೆಲ್ಲ ಗುಂಯ್ ಅಂತಿದ್ರಿ. ಮಾಸ್ತರ್ ಪೇಟಿ ಹಿಡದು ಯಾರು ಹಾಡಬೇಕು? ನಿಮ್ಮ ಗಂಟಲಾ ಕೇಳಿನ ನಾನು ಹಾಡೂದು. ನೀವು ಎದ್ದು ಓಡಿಹೋಗಲಿಕ್ಕೆ ಹತ್ತಿದ ಮ್ಯಾಲೆ ನನಗ ಒಂದ್ ದಿನಾನೂ ರಾಗ ಹತ್ತಿಲ್ಲ."

ಹೆಣ ಒಂದು ಕಣ್ಣು ತೆರೆಯಿತು.

"ಅದು ಕನ್ನಡ ರಾಗ ಏನ್ರಿ?"

"ಮತ್ತೇನು? ಯಾವುದು ಅನಕೊಂಡಿದ್ರಿ?"

"ಮರಾಠಿದು."

ನೀರಜಾಳ ಕೊರಳಿಗೆ ಮೈಕು ಸಿಕ್ಕಿಸಿದ್ದನ್ನು ಇಬ್ಬರೂ ಮರೆತಿದ್ದರು. ಇಡೀ ಸಭಾಗೃಹ ಪ್ರತಿ ಅಕ್ಷರವನ್ನೂ ಕೇಳಿಸಿಕೊಳ್ಳುತ್ತಿತ್ತು. "ಹಂಗಾರ ಸಿಟ್ಟ ಇದ್ದಿದ್ದಿಲ್ಲ ಅಕಿಗೆ," ಎಂದು ತಿಪ್ಪವ್ವ ಗಟ್ಟಿಯಾಗಿಯೇ ಹೇಳಿ, ಪಕ್ಕದ ರಂಗೂಬಾಯಿಗೆ ಮರಾಠಿಯಲ್ಲಿ ವಿವರಿಸಿದಳು. ರಂಗೂಬಾಯಿ ತಲೆ ಮೇಲೆ ಕೈ ಇಟ್ಟುಕೊಂಡು, ಮೋಟರಿಗೆ ಹಾಕಿಸಿದ ಹೊಸ ಬೇರಿಂಗನ್ನು ನೆನೆದು ನಿಟ್ಟುಸಿರುಬಿಟ್ಟಳು. ರಂಗದ ಪಕ್ಕದಲ್ಲಿ ಈರಣ್ಣನವರು, ಹಸ್ತಪ್ರತಿಯಲ್ಲಿ ಇಲ್ಲದ ಈ ಸಂಭಾಷಣೆ ಯಾವ ಪುಟದ್ದೆಂದು ಹುಡುಕುತ್ತಿದ್ದರು.

ಗುರಣ್ಣ ಗುಂಯ್ ಎನ್ನಲು ನೋಡಿದ. ಎಂದೂ ಬೇಕೆಂದು ಮಾಡಿದವನಲ್ಲ. ಆಡಿನ ಮರಿಯೊಂದು ಕೂಗಿದ ಹಾಗಾಯಿತು. ಮತ್ತೆ ನೋಡಿದ. ಇನ್ನೂ ಕೆಟ್ಟದಾಯಿತು. ಹಿಂದಿನ ಸಾಲಿನಲ್ಲಿ ನಗೆ ಹುಟ್ಟಿ ಮುಂದಕ್ಕೆ ಬರತೊಡಗಿತು. ಅವನ ಹಣೆ ಬೆವೆತು ಕಾಡಿಗೆ ಮೀಸೆ ಕೆನ್ನೆಗೆ ಇಳಿಯಿತು.

"ಬ್ಯಾಡ್ರಿ," ಎಂದಳು ನೀರಜಾ. "ಹೆದರಬ್ಯಾಡ್ರಿ. ಸುಮ್ನ ಮಲಗ್ರಿ. ನನ್ನ ಸೀಟು ಹೊಲದ್ರೆಲ್ಲ, ಜೋಡು ಹೊಲಿಗಿ ಹಾಕಿ? ಅದನ್ನ ಹೊಲೀಲಿಕ್ಕತ್ತೀನಿ ಅನಕೋರಿ."

ಜೋಡು ಹೊಲಿಗೆ ಅವಳಿಗೆ ಗೊತ್ತಿತ್ತು. ಗುರಣ್ಣ ಕಣ್ಣು ಮುಚ್ಚಿದ. ನೀರಜಾ ದಿಂಬನ್ನು ಮೆಲ್ಲಗೆ ಆಚೆ ಸರಿಸಿ, ಹಳೆಯ ಹಸ್ತಪ್ರತಿಯಲ್ಲಿ ಬರೆದಿದ್ದ ಜಾಗದಲ್ಲೇ ಅವನ ತಲೆಯನ್ನು ಇಟ್ಟುಕೊಂಡಳು. ಎಲ್ಲರೂ ತಿಪ್ಪವ್ವನತ್ತ ನೋಡಿದರು. ತಿಪ್ಪವ್ವ ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸತೊಡಗಿದ್ದಳು. ಹಾಡು ಮುಗಿಯುವವರೆಗೂ ಅದು ಸ್ವಚ್ಛವಾಗಲಿಲ್ಲ.

ಏಕೆಂದರೆ ಅಷ್ಟರಲ್ಲಿ ನಾದ ಹೊರಟಿತ್ತು. ಸಣ್ಣಗೆ, ಒಂದೇ ಸಮನೆ, ಮಧ್ಯಾಹ್ನದ ಬಜಾರಿನಲ್ಲಿ ಎಲ್ಲೋ ಒಂದು ಮಶೀನು ನಡೆದ ಹಾಗೆ. ಶಿವಪ್ಪ ಮಾಸ್ತರರು ಪೇಟಿಯಿಂದ ಕೈ ತೆಗೆದರು. ನೀರಜಾ ಹಾಡಿದಳು. ಬದುಕಿದ್ದಾಗ ಒಂದು ಮಾತು ಹೇಳಬಾರದಿತ್ತೇ ಎಂದು ಅವಳು ಕೇಳುತ್ತಿದ್ದಳು, ಸತ್ತವನು ಗುಂಯ್ ಎಂದು ಒಪ್ಪಿಕೊಳ್ಳುತ್ತಿದ್ದ. ನಗಲು ಸಿದ್ಧರಾಗಿ ಬಾಯಿ ತೆರೆದಿದ್ದವರು ಅದನ್ನು ಮುಚ್ಚಲು ಮರೆತರು. ಕವಚದೊಳಗೆ ಸಿಕ್ಕಿಕೊಂಡಿದ್ದ ಪ್ರಣವ ಕಣ್ಣು ಒರೆಸಲು ಕೈ ಎತ್ತಲಾರದೆ ಹಾಗೇ ಅತ್ತ.

ಬಣ್ಣ ತೊಳೆದು ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಎಷ್ಟು ತಿಕ್ಕಿದರೂ ಗುರಣ್ಣನ ಕಾಡಿಗೆ ಮೀಸೆ ಅರ್ಧ ಉಳಿದುಕೊಂಡಿತ್ತು. ನೀರಜಾ ಸ್ಕೂಟರಿನ ಹತ್ತಿರ ನಿಂತಿದ್ದಳು. ಅವನು ಅಭ್ಯಾಸದಂತೆ ಮೊದಲು ಹೊಲಿಗೆ ನೋಡಿದ. ಆಮೇಲೆ ಅವಳನ್ನು ನೋಡಿದ. ಈ ಸಲ ಸ್ಕೂಟರ್ ಹೋಗಿರಲಿಲ್ಲ.

"ಈಗೂ ನನ್ನ ಕಂಡ್ರ ರಾಗ ಬರ್ತದೇನ್ರಿ?" ಎಂದ.

"ಎರಡೂ ಭಾಷಾದು ಬರ್ತಾವು," ಎಂದಳು ನೀರಜಾ, ಅವನ ತುಟಿಯ ಮೇಲಿನ ಕಪ್ಪನ್ನು ನೋಡುತ್ತ. "ಮೀಸಿ ಬೆಳಿಯೂತನಾ ಮರಾಠಿದು."

ಅವಳು ಗಾಡಿ ಚಾಲೂ ಮಾಡಿದಳು. ಸ್ವಲ್ಪ ಮುಂದಕ್ಕೆ ಸರಿದು, ಹಿಂದಿನ ಜಾಗವನ್ನು ಅಂಗೈಯಿಂದ ತಟ್ಟಿ, "ಬಸಾ," ಎಂದಳು.

ಮರಾಠಿಯಲ್ಲೇ ಕನಸು ಕಾಣುವ ಗುರಣ್ಣ ಹಿಂದೆ ನೋಡಿದ, ಮುಂದೆ ನೋಡಿದ.

"ಯಾರ್ರಿ ಅಂವಾ, ಬಸ್ಯಾ?" ಎಂದ.